ಮಾವನವರ ಪಾಯಿಂಟ್ ತರ್ಟಿಟೂ

ಪುಕ್ಕಲರಾಗಿ ಹುಟ್ಟುವುದರಿಂದ ಒಂದು ಲಾಭವಿದೆ. ಆತ್ಮರಕ್ಷಣೆಯ ಬಗ್ಗೆ ನಮ್ಮಷ್ಟು ಆಳವಾಗಿ ಯೋಚನೆ ಮಾಡಿದವರು ಲೋಕದಲ್ಲಿ ಬೇರೆ ಯಾರೂ ಸಿಗುವುದಿಲ್ಲ. ಧೈರ್ಯಸ್ಥರು ಕದ ಓರೆ ಮಾಡಿಕೊಂಡು ನಿದ್ದೆ ಹೋಗುತ್ತಾರೆ. ನಾವು ಚಿಲಕ ಹಾಕಿ, ಬಿದ್ದಿದೆಯೇ ಎಂದು ಎಳೆದು ನೋಡಿ, ಎಳೆದದ್ದರಿಂದ ಸಡಿಲವಾಯಿತೇನೋ ಎಂಬ ಅನುಮಾನಕ್ಕೆ ಮತ್ತೊಮ್ಮೆ ಹಾಕಿ ಮಲಗುತ್ತೇವೆ. ತುಮಕೂರಿನ ಮರಳೂರಿನಲ್ಲಿ ಮನೆ ಕಟ್ಟಿಸಿಕೊಂಡು ಬಂದ ಹೊಸತರಲ್ಲಿ ನಾನು ಬೀದಿನಾಯಿಗಳಿಗೆಂದು ಒಂದು ಕೊಡೆ, ಕಳ್ಳರಿಗೆಂದು ಒಂದು ಉದ್ದನೆಯ ಟಾರ್ಚು ಇಟ್ಟುಕೊಂಡಿದ್ದೆ. ನಾಯಿಗಳು ಕೊಡೆಯ ಬಟ್ಟೆಯನ್ನು ಕಿತ್ತುಕೊಂಡು ಹೋದವು. ಟಾರ್ಚು ಎಲ್ಲಿದೆ ಎಂದು ಕತ್ತಲಲ್ಲಿ ಹುಡುಕುವುದಕ್ಕೆ ಪ್ರತಿಸಲವೂ ಮೊಬೈಲಿನ ಬೆಳಕು ಬೇಕಾಗುತ್ತಿತ್ತು. ನನ್ನ ಹೆಂಡತಿ ಗಿರಿಜಾ ಮಾತ್ರ ಬ್ಯಾಗಿನಲ್ಲಿ ಖಾರದ ಪುಡಿಯ ಪೊಟ್ಟಣ ಇಟ್ಟುಕೊಂಡು ನಿಶ್ಚಿಂತೆಯಾಗಿದ್ದಳು. ಅದೂ ಒಂದು ದಿನ ಬಸ್ಸಿನಲ್ಲಿ ಒಡೆದು, ಅವಳ ತವರೂರು ಗುಬ್ಬಿ ಮುಟ್ಟುವ ತನಕ ಡ್ರೈವರನ್ನೂ ಸೇರಿಸಿ ಇಡೀ ಬಸ್ಸು ಸೀನಿತು.

ಇಂಥ ನನಗೆ ರಿವಾಲ್ವರಿನ ಯೋಗ ಕೂಡಿಬಂದದ್ದು ಹೆಣ್ಣು ಕೊಟ್ಟ ಮಾವನಿಂದ. ನನ್ನ ಮಾವ ರುದ್ರಪ್ಪನವರು ಗುಬ್ಬಿಯಲ್ಲಿ ಬಹಳ ವರ್ಷ ಕೊಬ್ಬರಿ ಮಂಡಿ ನಡೆಸಿದವರು. ಆಗ ಎಲ್ಲವೂ ನಗದು ವ್ಯವಹಾರ. ಸಂಜೆ ಮಂಡಿ ಮುಚ್ಚಿ, ಹಣದ ಚೀಲವನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು, ಊರಾಚೆಯ ಮನೆಗೆ ಒಬ್ಬರೇ ಹೋಗಬೇಕಾಗಿತ್ತು. ಹಾಗಾಗಿ ಲೈಸೆನ್ಸು ಮಾಡಿಸಿ ಒಂದು ಪಾಯಿಂಟ್ ತರ್ಟಿಟೂ, ಅಂದರೆ ಸಣ್ಣ ಗುಂಡಿನ ರಿವಾಲ್ವರ್ ತಂದುಕೊಂಡಿದ್ದರು. ಈಗ ಮಂಡಿಯೂ ಇಲ್ಲ, ಚೀಲವೂ ಇಲ್ಲ. ಮಾವನವರಿಗೆ ಎಪ್ಪತ್ತು ದಾಟಿದೆ. ಈ ಸಲ ಲೈಸೆನ್ಸು ನವೀಕರಣಕ್ಕೆ ಹೋದಾಗ, ವಯಸ್ಸಾಯಿತಲ್ಲ ಯಜಮಾನರೇ, ವಾರಸುದಾರರ ಹೆಸರಿಗೆ ಮಾಡಿಸಿಬಿಡಿ, ಇಲ್ಲವಾದರೆ ಸರ್ಕಾರಕ್ಕೆ ಒಪ್ಪಿಸಿಬಿಡಿ ಎಂದು ಅಲ್ಲಿನವರು ಹೇಳಿ ಕಳಿಸಿದರು. ಇರುವವಳು ಒಬ್ಬಳೇ ಮಗಳು. ಅವಳು "ನಂಗೆ ಖಾರದ ಪುಡಿ ಸಾಕಪ್ಪ" ಎಂದುಬಿಟ್ಟಳು. ಉಳಿದವನು ನಾನು.

"ಅಳಿಯಂದ್ರೇ, ಅದು ಮನೇಲೇ ಉಳೀಬೇಕು" ಎಂದರು ಮಾವ. ಯಾವತ್ತೂ ನನ್ನಿಂದ ಏನನ್ನೂ ಕೇಳಿದವರಲ್ಲ. ದೀಪಾವಳಿಗೆ ಹೋದರೆ ನನಗೆ ಬಟ್ಟೆ ಕೊಟ್ಟು, ನಾನು ಕೊಟ್ಟದ್ದನ್ನು ಬೇಡವೆಂದು ವಾಪಸು ಮಾಡುವ ಸ್ವಭಾವ. ಅವರು ಬಾಯಿಬಿಟ್ಟು ಕೇಳಿದ್ದು ಇದೊಂದೇ. ನಾನು ಪೊಲೀಸರು ನಡೆಸುವ ಬಂದೂಕು ತರಬೇತಿಗೆ ಹೋಗಿ, ಪಾಸಾಗಿ, ಸರ್ಟಿಫಿಕೇಟು ತಂದರೆ ಉಂಟು, ಇಲ್ಲವಾದರೆ ಅವರ ಕೈಯಿಂದ ಅದು ಶಾಶ್ವತವಾಗಿ ಹೋಗಿಬಿಡುತ್ತಿತ್ತು. ನಾನು ಹೂಂ ಎಂದೆ.

ಆ ರಿವಾಲ್ವರಿಗೆ ಒಂದು ಚರಿತ್ರೆಯಿದೆ. ನಾನು ಮದುವೆಯಾದ ಹೊಸತರಲ್ಲಿ ಗುಬ್ಬಿಯ ನೆಂಟರಲ್ಲಿ ಪ್ರತಿಯೊಬ್ಬರೂ ಎಲೆ ಅಡಿಕೆ ಮುಗಿಯುವಷ್ಟರಲ್ಲಿ ಅದನ್ನು ಹೇಳಿದ್ದರು. ಒಂದು ಸಂಜೆ ಮಾವನವರು ಸ್ಕೂಟರಿನಲ್ಲಿ ಬರುವಾಗ ಹುಣಸೆಮರದ ತಿರುವಿನಲ್ಲಿ ಮುಖಕ್ಕೆ ಟವಲು ಸುತ್ತಿಕೊಂಡ ಇಬ್ಬರು ಅಡ್ಡಗಟ್ಟಿದರಂತೆ. ಮಾವ ಗಾಡಿ ನಿಲ್ಲಿಸಿ ಸೊಂಟದಿಂದ ರಿವಾಲ್ವರ್ ತೆಗೆದು ತೋರಿಸಿದರಂತೆ. ಅಷ್ಟೇ. ಇಬ್ಬರೂ ಬಿದ್ದಂಬೀಳ ಓಡಿದರಂತೆ. ಒಂದು ಗುಂಡೂ ಖರ್ಚಾಗಲಿಲ್ಲ. ಅಂದಿನಿಂದ ಆ ತಿರುವಿನಲ್ಲಿ ಯಾರನ್ನೂ ಯಾರೂ ಅಡ್ಡಗಟ್ಟಿಲ್ಲ. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಮಾವನವರೊಬ್ಬರನ್ನು ಬಿಟ್ಟು. ಅವರ ಎದುರಿಗೆ ಯಾರಾದರೂ ಎತ್ತಿದರೆ "ಬುಡಿ, ಅದ್ಯಾವ ದೊಡ್ಡ ವಿಷ್ಯ" ಎಂದು ಮೇಲೇಳುತ್ತಾರೆ. ದೊಡ್ಡವರ ವಿನಯ ಹೀಗೇ ಇರುತ್ತದೆ ಎಂದು ನಾನು ತಲೆದೂಗಿದ್ದೆ.

ರಿವಾಲ್ವರ್ ನನ್ನ ಪಾಲಿಗೆ ಬರುತ್ತದೆ ಎಂದು ಗೊತ್ತಾದ ಮೇಲೆ ನನ್ನ ನಡಿಗೆಯಲ್ಲಿ ಸ್ವಲ್ಪ ಬದಲಾವಣೆಯಾಯಿತು. ಅದನ್ನು ಗುರುತಿಸಿ ನೀರೆರೆದವರು ನಮ್ಮ ಪಕ್ಕದ ಮನೆಯ ಸುಬೇದಾರ್ ಕೆಂಪಯ್ಯನವರು. ಕುಣಿಗಲ್ ಕಡೆಯವರು, ಸೈನ್ಯದಿಂದ ನಿವೃತ್ತರಾದವರು, ಮೀಸೆಯಿಂದ ಇನ್ನೂ ನಿವೃತ್ತರಾಗಿಲ್ಲ. ಊರಿನ ತೋಟದಲ್ಲಿ ಹಂದಿ ಕಾಟಕ್ಕೆಂದು ಅವರ ಹತ್ತಿರ ಜೋಡುನಳಿಗೆ ಬಂದೂಕಿದೆ.

"ತರ್ಟಿಟೂನಾ?" ಎಂದರು, ಯಾರೋ ಪಾಪ ತೀರಿಕೊಂಡರಂತೆ ಎನ್ನುವ ದನಿಯಲ್ಲಿ. "ಅದ್ರಲ್ಲಿ ಬೆಕ್ಕಿಗೆ ಹೊಡುದ್ರೂ ಅದು ತಿರುಗ್ಕಂಡು ಯಾರೋ ಕರುದ್ರಲ್ಲ ಅಂತ ನೋಡ್ತದೆ ಸ್ವಾಮಿ. ಸೀಬೆಕಾಯಿ ಉದುರ್ಸಕ್ಕೆ ಸರಿ. ಗುಂಡು ಅಂದ್ರೆ ದಪ್ಪ ಇರ್ಬೇಕು. ಬಿದ್ದೋನು ಎದ್ದೇಳ್ಬಾರ್ದು."

ನನಗೆ ಅವಮಾನವಾಯಿತು. ಇನ್ನೂ ಕೈಗೇ ಬಾರದ ರಿವಾಲ್ವರಿನ ಮರ್ಯಾದೆಗೆ ನಾನು ಜವಾಬ್ದಾರನಾಗಿಬಿಟ್ಟಿದ್ದೆ. ಸಣ್ಣ ಗುಂಡು ಸಾಕೇ, ಸಾಲದೇ ಎನ್ನುವುದೇ ನನ್ನ ಜೀವನದ ಪ್ರಶ್ನೆಯಾಯಿತು. ನಾನು ಕೆಲಸ ಮಾಡುವ ವಸಂತನರಸಾಪುರದ ಫ್ಯಾಕ್ಟರಿಯ ಲೆಕ್ಕಪತ್ರ ವಿಭಾಗದಲ್ಲಿ ಕೂತು, ಬಿಲ್ಲುಗಳ ಮಧ್ಯೆ ಮೊಬೈಲು ಇಟ್ಟುಕೊಂಡು ವೀಡಿಯೊ ನೋಡಿದೆ. ಅಮೆರಿಕದ ದಪ್ಪ ಮನುಷ್ಯರು ಕಲ್ಲಂಗಡಿ ಹಣ್ಣಿಗೂ ಜೆಲ್ಲಿ ತುಂಬಿದ ಡಬ್ಬಕ್ಕೂ ಹೊಡೆದು ತೋರಿಸುತ್ತಿದ್ದರು. ಕಲ್ಲಂಗಡಿಗಳಿಂದ ನನಗೆ ಯಾವತ್ತೂ ಅಪಾಯವಾಗಿರಲಿಲ್ಲವಾದ್ದರಿಂದ ಅದರಿಂದ ಏನೂ ತೀರ್ಮಾನವಾಗಲಿಲ್ಲ. ಕೊನೆಗೆ ತುಮಕೂರಿನಲ್ಲೇ ಒಂದು ಬಂದೂಕಿನ ಅಂಗಡಿಗೆ ಹೋದೆ. ಅಂಗಡಿಯವರು ಗಾಜಿನ ಕೆಳಗಿನಿಂದ ಒಂದು ಕಾಡತೂಸು ತೆಗೆದು ನನ್ನ ಮುಂದೆ ನಿಲ್ಲಿಸಿದರು. ನಿಜ ಹೇಳುತ್ತೇನೆ, ನನ್ನ ಕಿರುಬೆರಳಿಗಿಂತ ಚಿಕ್ಕದು. ಹಿತ್ತಾಳೆಯ ಮೈ, ಸೀಸದ ತಲೆ, ಹಿಂದುಗಡೆ ಒಂದು ಪುಟ್ಟ ಬೊಟ್ಟು. ಎಷ್ಟು ಅಚ್ಚುಕಟ್ಟು! ನೋಡಿದ ಕೂಡಲೇ ನನಗೆ ಅದರ ಮೇಲೆ ಪ್ರೀತಿ ಹುಟ್ಟಿತು.

"ಸಣ್ಣದಾಯ್ತು ಅಂತಾರಲ್ಲ?" ಎಂದು ಮೆಲ್ಲಗೆ ಕೇಳಿದೆ.

"ಯಾರ್ ಸಾರ್ ಅನ್ನೋರು?" ಎಂದು ಅಂಗಡಿಯವರು ಗಾಜಿನ ಮೇಲೆ ಮೊಣಕೈ ಊರಿದರು. "ದಪ್ಪ ಗುಂಡು ಹಾರಿಸಿದ್ರೆ ಕೈ ಮೇಲಕ್ಕೆ ಹೋಗ್ತದೆ, ಕಿವಿ ಗುಂಯ್ ಅಂತದೆ, ಕಣ್ಣು ಮುಚ್ಕೋತೀರ. ಎರಡನೇದು ಆಕಾಶಕ್ಕೇ. ಇದು ನೋಡಿ, ಹೇಳಿದ ಮಾತು ಕೇಳ್ತದೆ. ಹೊಸಬ್ರಿಗೂ, ವಯಸ್ಸಾದೋರಿಗೂ ಇದೇ ಲಾಯಕ್ಕು. ಮನೇಲಿರೋ ಫಿರಂಗಿಗಿಂತ ಜೇಬಲ್ಲಿರೋ ತರ್ಟಿಟೂ ವಾಸಿ."

ಈ ಮಾತನ್ನು ನಾನು ಬಾಯಿಪಾಠ ಮಾಡಿಕೊಂಡು ಬಂದು ಸುಬೇದಾರರಿಗೆ ಒಪ್ಪಿಸಿದೆ. ಅವರು ಮೀಸೆಯೊಳಗೇ ನಕ್ಕರು. ಆದರೆ ನಾನು ಸೋಲಲಿಲ್ಲ, ಏಕೆಂದರೆ ನನ್ನ ಹತ್ತಿರ ಇನ್ನೊಂದು ಸಾಕ್ಷಿಯಿತ್ತು. ಚುನಾವಣೆ ಬಂದಾಗಲೆಲ್ಲ ಲೈಸೆನ್ಸಿನ ಬಂದೂಕುಗಳನ್ನು ಠಾಣೆಗೆ ಒಪ್ಪಿಸಬೇಕಷ್ಟೆ. ನಮ್ಮಲ್ಲಿ ಚುನಾವಣೆಗಳಿಗೇನು ಬರವೇ? ಒಂದು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು. ಪ್ರತಿಸಲವೂ ಮಾವನವರು ರಿವಾಲ್ವರನ್ನು ಹಳೇ ಪಂಚೆಯಲ್ಲಿ ಸುತ್ತಿಕೊಂಡು ಠಾಣೆಗೆ ಬಿಟ್ಟು, ಫಲಿತಾಂಶ ಬಂದ ಮೇಲೆ ಹೋಗಿ ಕರೆದುಕೊಂಡು ಬರುತ್ತಾರೆ. ಗುಬ್ಬಿಯಲ್ಲಿ ಇದು ಗೊತ್ತಿಲ್ಲದವರಿಲ್ಲ. ಕಳ್ಳರಿಗೆ ಅದಕ್ಕಿಂತ ಒಳ್ಳೆಯ ಮುಹೂರ್ತ ಎಲ್ಲಿ ಸಿಗಬೇಕು? ಆದರೂ ಅವರ ಮನೆಗೆ ಒಬ್ಬನೂ ನುಗ್ಗಲಿಲ್ಲ. ಠಾಣೆಯಲ್ಲಿ ಮಲಗಿಕೊಂಡೇ ಮನೆ ಕಾಯುವ ಗುಂಡು ಅದು. ನಿಮ್ಮ ಜೋಡುನಳಿಗೆ ತೋಟದಲ್ಲೇ ಇದ್ದಾಗಲೂ ಹಂದಿಗಳು ಬರುತ್ತಲೇ ಇರುತ್ತವಲ್ಲ ಎಂದು ಕೇಳಿದೆ. ಸುಬೇದಾರರು ಎರಡು ದಿನ ಮಾತು ಬಿಟ್ಟರು.

ಆ ಗುಂಡುಗಳಿಗೆ ಗುಬ್ಬಿಯ ಮನೆಯಲ್ಲಿ ಸಿಗುತ್ತಿದ್ದ ಆರೈಕೆಯನ್ನೂ ಹೇಳಬೇಕು. ಆಯುಧಪೂಜೆಯ ದಿನ ಸ್ಕೂಟರು, ಮಚ್ಚು, ಎಳನೀರು ಕೊಚ್ಚುವ ಕತ್ತಿ, ಅತ್ತೆಯವರ ಹೊಲಿಗೆ ಯಂತ್ರ ಎಲ್ಲದರ ಜೊತೆಗೆ ರಿವಾಲ್ವರೂ ಮಣೆಯ ಮೇಲೆ ಕೂರುತ್ತದೆ. ಅದರ ಮುಂದೆ ಬಾಳೆ ಎಲೆಯಲ್ಲಿ ಗುಂಡುಗಳು ಸಾಲಾಗಿ. ನಮ್ಮ ಅತ್ತೆ ಗಂಗಮ್ಮನವರಿಗೆ ಕೊಬ್ಬರಿ ಎಣ್ಣೆಯಿಂದ ಗುಣವಾಗದ ವಸ್ತು ಪ್ರಪಂಚದಲ್ಲಿಲ್ಲ. ಕದದ ಕೀಲಿಗೆ ಅದೇ, ಮಂಡಿನೋವಿಗೆ ಅದೇ, ಮೊಮ್ಮಕ್ಕಳ ನೆತ್ತಿಗೂ ಅದೇ. ಹಬ್ಬದ ದಿನ ಒಂದೊಂದು ಗುಂಡನ್ನೂ ಎತ್ತಿಕೊಂಡು, ಹಸುಗೂಸಿಗೆ ಎಣ್ಣೆ ಒತ್ತುವ ಹಾಗೆ ತಿಕ್ಕಿ, ಬೊಟ್ಟಿನ ಮೇಲೆ ಒಂದು ತೊಟ್ಟು ಬಿಟ್ಟು, ವಿಭೂತಿ ಕುಂಕುಮ ಇಟ್ಟು ಮಲಗಿಸುತ್ತಾರೆ. ಮಾವನವರು ಪಕ್ಕದಲ್ಲೇ ನಿಂತು "ಜಿಪುಣತನ ಮಾಡ್ಬೇಡ ಕಣೇ, ಇನ್ನೊಂಚೂರು ಬಿಡು" ಎನ್ನುತ್ತಾರೆ. ಈ ದೃಶ್ಯವನ್ನು ನಾನು ಎಷ್ಟೋ ವರ್ಷ ಕೈಮುಗಿದುಕೊಂಡು ನೋಡಿದ್ದೇನೆ. ನಮ್ಮ ಮನೆಯಲ್ಲಿ ನನ್ನ ನೆತ್ತಿಗೆ ಅಷ್ಟು ಎಣ್ಣೆ ಬಿದ್ದಿದ್ದರೆ ಕೂದಲು ಉಳಿಯುತ್ತಿತ್ತು.

ತರಬೇತಿಯಲ್ಲಿ ನನ್ನ ಸಾಧನೆ ಸಾಧಾರಣ. ಮೊದಲ ದಿನ ನನ್ನ ಗುರಿಹಲಗೆಯಲ್ಲಿ ಒಂದು ತೂತೂ ಇರಲಿಲ್ಲ. ಪಕ್ಕದವನ ಹಲಗೆಯಲ್ಲಿ ಇರಬೇಕಾದ್ದಕ್ಕಿಂತ ಹೆಚ್ಚು ತೂತುಗಳಿದ್ದವು, ಅವನಿಗೆ ಬಹುಮಾನ ಬಂತು. ಆದರೂ ದಿನಾ ಹೋದೆ. ಉಸಿರು ಹಿಡಿಯುವುದು, ಬೆರಳನ್ನು ಯಾವಾಗ ಒಳಗಿಡಬೇಕು, ಅದಕ್ಕಿಂತ ಮುಖ್ಯವಾಗಿ ಯಾವಾಗ ಹೊರಗಿಡಬೇಕು, ಎಲ್ಲ ಕಲಿತೆ. ಕೊನೆಯ ದಿನ ಹಲಗೆಯ ಅಂಚಿಗಾದರೂ ಹೊಡೆಯುವಷ್ಟಾಗಿ ಸರ್ಟಿಫಿಕೇಟು ಕೈಗೆ ಬಂತು. ತರಬೇತಿ ಅಧಿಕಾರಿಗಳು ಒಂದು ಸಲಹೆ ಕೊಟ್ಟರು. ಮಾವನವರ ಹಳೆಯ ಗುಂಡುಗಳನ್ನು ಇಟ್ಟುಕೊಳ್ಳುವುದು ಬೇಡ, ಅವರನ್ನೂ ಕರೆದುಕೊಂಡು ಬನ್ನಿ, ಅನುಮತಿ ಕೊಡಿಸುತ್ತೇನೆ, ಇಲ್ಲೇ ಹಾರಿಸಿ ಮುಗಿಸೋಣ, ಆಮೇಲೆ ನೀವು ಹೊಸವನ್ನು ಕೊಳ್ಳಿ ಎಂದರು.

ನನಗೆ ಹಬ್ಬವಾಯಿತು. ಪಾಯಿಂಟ್ ತರ್ಟಿಟೂ ಏನೆಂದು ತೋರಿಸುತ್ತೇನೆ ಬನ್ನಿ ಎಂದು ಸುಬೇದಾರರನ್ನೂ ಕಾರಿಗೆ ಹತ್ತಿಸಿಕೊಂಡೆ. ಮಾವನವರು ಮಾತ್ರ ಏನೇನೋ ನೆಪ ಹೇಳಿದರು. ಮಂಡಿನೋವು ಎಂದರು, ಅಮಾವಾಸ್ಯೆ ಎಂದರು, ಹಾಗೇ ಕೊಟ್ಟುಬಿಟ್ಟರಾಗದೇ ಎಂದರು. ಕೊನೆಗೆ ಬಂದರು. ತಮ್ಮ ರಿವಾಲ್ವರಿಗೆ ಗುಂಡು ತುಂಬಿ, "ನೀವೇ ಹೊಡೀರಿ ಅಳಿಯಂದ್ರೇ" ಎಂದು ನನ್ನ ಕೈಗಿಟ್ಟು, ಹಿಂದಕ್ಕೆ ಹೋಗಿ ಬೇವಿನ ಮರದ ಕಡೆ ನೋಡುತ್ತಾ ನಿಂತರು. ನಾನು ಉಸಿರು ಹಿಡಿದೆ. ಒತ್ತಿದೆ.

ಟಿಕ್.

ಇನ್ನೊಮ್ಮೆ ಒತ್ತಿದೆ. ಟಿಕ್. ತುಂಬಿದ್ದಷ್ಟೂ ಟಿಕ್. ಅಧಿಕಾರಿಗಳು ಸ್ವಲ್ಪ ಹೊತ್ತು ಕಾದು, ನನ್ನ ಕೈಯಿಂದ ತೆಗೆದುಕೊಂಡು, ಬಿಚ್ಚಿ, ಒಂದು ಗುಂಡನ್ನು ಮೂಗಿನ ಹತ್ತಿರ ಹಿಡಿದರು.

"ಇದೇನ್ರೀ ಇದು, ಕೊಬ್ಬರಿ ಎಣ್ಣೆ ವಾಸ್ನೆ?"

ನಾನು ಆಯುಧಪೂಜೆಯ ಕ್ರಮವನ್ನು ವಿವರಿಸಿದೆ. ಅವರು ಹಣೆ ಒತ್ತಿಕೊಂಡರು. "ಎಣ್ಣೆ ಈ ಬೊಟ್ಟಿನೊಳಕ್ಕೆ ಇಳಿದ್ರೆ ಮುಗೀತು ಸ್ವಾಮಿ, ಕಿಡಿ ಹತ್ತಲ್ಲ. ತಲೆಗೆ ಹಚ್ಕೊಳ್ಳೋದನ್ನ ಇದಕ್ಕೆ ಹಚ್ಚಿದೀರಲ್ಲ. ಇವೆಲ್ಲ ಯಾವತ್ತೋ ಸತ್ತೋಗವೆ" ಎಂದು ಅವನ್ನೆಲ್ಲ ತಮ್ಮ ವಶಕ್ಕೆ ತೆಗೆದುಕೊಂಡರು. ಸುಬೇದಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಮಾವನವರ ಮುಖ ನೋಡಿದೆ. ಪಾಪ, ಇಷ್ಟು ವರ್ಷ ನಂಬಿಕೊಂಡವರಿಗೆ ಹೇಗಾಗಿರಬೇಡ ಎಂದು ಮರುಗಿದೆ. ಆದರೆ ಆ ಮುಖದಲ್ಲಿ ಆಶ್ಚರ್ಯದ ಸುಳಿವೇ ಇರಲಿಲ್ಲ.

ಸುಬೇದಾರರನ್ನು ಮರಳೂರಿನಲ್ಲಿ ಇಳಿಸಿ, ಮಾವನವರನ್ನು ಬಿಟ್ಟು ಬರಲು ಗುಬ್ಬಿಯ ಕಡೆ ಹೊರಟೆ. ಅತ್ತೆಯವರಿಗೆ ಹೇಳುವುದು ಬೇಡ, ನೊಂದುಕೊಳ್ಳುತ್ತಾರೆ ಎಂದು ನಾನೇ ಹೇಳಿದೆ. ಹುಣಸೆಮರದ ತಿರುವು ಬಂತು. "ಒಂಚೂರು ನಿಲ್ಸಿ" ಎಂದರು. ನಿಲ್ಲಿಸಿದೆ.

"ಅವತ್ತೂ ಹಿಂಗೇ ಟಿಕ್ ಅಂದಿದ್ದು ಕಣಪ್ಪ" ಎಂದರು. ಮದುವೆಯಾದಂದಿನಿಂದ ನನ್ನನ್ನು ಅಳಿಯಂದ್ರೇ ಎಂದೇ ಕರೆದವರು, ಕಣಪ್ಪ ಎಂದದ್ದು ಅದೇ ಮೊದಲು. "ಊರೋರು ಹೇಳೋ ಹಂಗೆ ನಾನು ಬರೀ ತೋರುಸ್ಲಿಲ್ಲ. ಒಬ್ಬನ ಎದೆಗೆ ಹಿಡುದು ಒತ್ತಿದೆ. ಟಿಕ್ ಅಂತು. ಇನ್ನೊಂದ್ಸಲ ಒತ್ತಿದೆ. ಅದೂ ಟಿಕ್ ಅಂತು. ಜೊತೆಗಿದ್ದೋನು ಓಡಿದ. ಇವ್ನು ಓಡಕ್ಕೂ ಆಗ್ದೆ ನಿಂತೇ ಇದ್ದ. ಮುಖದ ಟವಲ್ ಜಾರ್ತು. ನೋಡುದ್ರೆ ನಮ್ ಮಂಡೀಲೇ ಚೀಲ ಹೊರ್ತಿದ್ದೋನು. 'ತಪ್ಪಾಯ್ತು ಯಜಮಾನ್ರೇ' ಅಂದ. 'ಹೋಗ್ಲಾ' ಅಂದೆ. ಹೋದ."

"ಆಮೇಲೆ?"

"ಆಮೇಲೇನು, ಒಂದಷ್ಟು ದಿನ ಬಿಟ್ಟು ಮಂಡಿಗೆ ಬಂದ, ಚೀಲ ಹೊತ್ತ. ಅವ್ನೂ ಎತ್ಲಿಲ್ಲ, ನಾನೂ ಎತ್ಲಿಲ್ಲ. ಮೊನ್ನೆ ಅವನ ಮೊಮ್ಮಗಳ ನಾಮಕರಣಕ್ಕೆ ಹೋಗಿ ತೊಟ್ಲು ತೂಗಿ ಬಂದೆ."

"ಹೆದರಿಕೇಲಿ ಏನು ಮಾಡ್ತಿದೀವಿ ಅಂತ ಗೊತ್ತಾಗಲ್ಲ ಬಿಡಿ ಮಾವ" ಎಂದೆ, ನನಗೆ ಪರಿಚಯವಿರುವ ಒಂದೇ ಭಾವನೆಯ ಆಧಾರದ ಮೇಲೆ.

"ಹೆದರಿಕೆ ಆಗಿದ್ರೆ ಎಷ್ಟೋ ವಾಸಿಯಾಗಿತ್ತು. ಸಿಟ್ಟಿಗೆ ಒತ್ತಿದೆ ಕಣಪ್ಪ. ನನ್ನ ದಾರೀಗೇ ಅಡ್ಡ ನಿಂತ್ನಲ್ಲ ಅಂತ. ನಾನು ಅಂಥೋನು ಅಂತ ಅಲ್ಲೀವರ್ಗೂ ನಂಗೇ ಗೊತ್ತಿರ್ಲಿಲ್ಲ. ಆ ಗುಂಡು ನನಗಿಂತ ಒಳ್ಳೇದು."

ಹೊಸ ಗುಂಡು ಯಾಕೆ ತರಲಿಲ್ಲ ಎಂದು ಕೇಳುವಷ್ಟು ದಡ್ಡತನ ನನ್ನಲ್ಲಿತ್ತು, ಕೇಳಿದೆ. "ತಂದಿದ್ರೆ ಇನ್ನೊಂದಿನ ಒತ್ತೋನೇ" ಎಂದರು. "ಅದುಕ್ಕೇ ನಿಮ್ಮತ್ತೆ ವರ್ಷಾ ವರ್ಷ ಎಣ್ಣೆ ಬಟ್ಲು ತಂದಾಗ ಇನ್ನೊಂಚೂರು ಬಿಡು ಅಂತಿದ್ದೆ."

ಈ ಮನುಷ್ಯನ ಮೇಲೆ ಈಗ ಹುಟ್ಟಿದ ಗೌರವದ ಮುಂದೆ ಮೊದಲಿದ್ದದ್ದು ಏನೂ ಅಲ್ಲವೆನ್ನಿಸಿತು. ಸತ್ತ ಗುಂಡುಗಳನ್ನು ಸೊಂಟದಲ್ಲಿಟ್ಟುಕೊಂಡು, ಸತ್ತಿವೆ ಎಂದು ಗೊತ್ತಿದ್ದೂ, ಅದೇ ತಿರುವಿನಲ್ಲಿ ಅದೇ ಹಣದ ಚೀಲದೊಂದಿಗೆ ಎಷ್ಟೋ ವರ್ಷ ದಿನಾ ಸಂಜೆ ಒಬ್ಬರೇ ಬಂದಿದ್ದಾರೆ. ಅದಕ್ಕೆ ಬೇಕಾದ ಗುಂಡಿಗೆ ಸುಬೇದಾರರ ಜೋಡುನಳಿಗೆಯಲ್ಲಿ ಇಲ್ಲ. ಸಣ್ಣ ಗುಂಡು ಸಾಕೇ ಎಂದು ಊರೆಲ್ಲ ಕೇಳಿಕೊಂಡು ಬಂದವನಿಗೆ ಉತ್ತರ ಸಿಕ್ಕಿತ್ತು. ಅದು ಒಬ್ಬನ ಎದೆಯನ್ನೂ, ಒಂದು ತೊಟ್ಟಿಲನ್ನೂ ಉಳಿಸಿತ್ತು, ಮಾವನವರನ್ನು ಜೈಲಿನಿಂದ ತಪ್ಪಿಸಿತ್ತು. ಆತ್ಮರಕ್ಷಣೆ ಇದಕ್ಕಿಂತ ಚೆನ್ನಾಗಿ ಆದದ್ದನ್ನು ನಾನಂತೂ ಕೇಳಿಲ್ಲ.

"ಮತ್ತೆ ನನಗ್ಯಾಕೆ ಕೊಡ್ತಿದೀರಿ ಮಾವ? ಒಪ್ಪಿಸಿಬಿಡಬಹುದಿತ್ತಲ್ಲ?" ಎಂದೆ.

"ಅದನ್ನ ಬಿಟ್ಟಿರಕ್ಕೂ ಆಗಲ್ಲ ಕಣಪ್ಪ. ನೋಡ್ತಾ ಇದ್ರೆ ನಾನೇನು ಅಂತ ನೆನಪಿರ್ತದೆ. ಕೊಟ್ರೆ ಯಾರಿಗೆ ಕೊಡ್ಬೇಕು ಅಂತ ಬಾಳ ಯೋಚ್ನೆ ಮಾಡ್ದೆ. ನೀವು ಪುಕ್ಕಲ್ರು. ನಿಮ್ ಕೈಲಿದ್ರೆ ಯಾರ್ಗೂ ಅಪಾಯ ಇಲ್ಲ" ಎಂದರು. ಜೀವನದಲ್ಲಿ ನನ್ನ ಈ ಗುಣವನ್ನು ಅರ್ಹತೆಯೆಂದು ಗುರುತಿಸಿದವರು ಅವರೊಬ್ಬರೇ. ನನಗೆ ನಿಜವಾಗಿಯೂ ಸಂತೋಷವಾಯಿತು.

ಲೈಸೆನ್ಸು ನನ್ನ ಹೆಸರಿಗೆ ಬಂದು ಕೆಲವು ತಿಂಗಳಾದವು. ರಿವಾಲ್ವರ್ ಬೀರುವಿನಲ್ಲಿ ಖಾಲಿ ಹೊಟ್ಟೆಯಲ್ಲಿ ಕೂತಿದೆ. ಸುಬೇದಾರರು ಕಾಂಪೌಂಡಿನ ಆಚೆಯಿಂದ ಆಗಾಗ "ಗುಂಡು ತಂದ್ರಾ ಸ್ವಾಮಿ?" ಎಂದು ಕೇಳುತ್ತಾರೆ. ತರಬೇಕು, ತರುತ್ತೇನೆ ಎನ್ನುತ್ತೇನೆ. ಅಂಗಡಿಗೂ ಹೋಗುತ್ತೇನೆ. ಆ ಹಿತ್ತಾಳೆಯ ಪುಟ್ಟ ಚೆಲುವೆಯರನ್ನು ಗಾಜಿನ ಮೇಲಿನಿಂದ ನೋಡಿ, ಹೊಗಳಿ, ವಾಪಸು ಬರುತ್ತೇನೆ. ಜಿಪುಣ ಎಂದು ಅಂಗಡಿಯವರು ತಿಳಿದಿದ್ದಾರೆ. ಹೆದರುತ್ತೇನೆ ಎಂದು ಗಿರಿಜಾ ತಿಳಿದಿದ್ದಾಳೆ. ಇಬ್ಬರೂ ಹಾಗೇ ತಿಳಿದುಕೊಂಡಿರಲಿ ಎಂದು ಬಿಟ್ಟಿದ್ದೇನೆ.

ನಿಜವಾದ ಕಾರಣ ನನಗೂ ತಿಳಿದದ್ದು ಹೋದ ಭಾನುವಾರ. ನಾನೂ ಗಿರಿಜಾಳೂ ತವರಿನಿಂದ ವಾಪಸು ಬರುತ್ತಿದ್ದೆವು. ಗುಬ್ಬಿ ಗೇಟಿನ ಹತ್ತಿರ ಒಬ್ಬ ಬೈಕಿನವನು ತಪ್ಪು ದಿಕ್ಕಿನಿಂದ ನುಗ್ಗಿ, ನನ್ನ ಕಾರಿನ ಕನ್ನಡಿ ಒಡೆದು, ನಿಲ್ಲಿಸಿ, ನನಗೇ "ಕಣ್ ಕಾಣಲ್ವೇನ್ಲಾ?" ಎಂದ. ಇನ್ನೂ ಮೀಸೆ ಸರಿಯಾಗಿ ಬಲಿಯದವನು. ನಾನು ಬಾಗಿಲು ತೆರೆದು ಕೆಳಗಿಳಿದೆ. ಅವನು ನನ್ನ ಮುಖ ನೋಡಿ ಯಾಕೋ ಗಾಡಿ ತಿರುಗಿಸಿಕೊಂಡು ಹೋಗಿಬಿಟ್ಟ. ಆಗ ನೋಡಿಕೊಂಡೆ, ನನ್ನ ಬಲಗೈ ಸೊಂಟದ ಮೇಲಿತ್ತು, ಬೆರಳು ಬೆಲ್ಟಿನ ಒಳಗೆ ಏನನ್ನೋ ಹುಡುಕುತ್ತಿತ್ತು. ಒಂದಿಷ್ಟೂ ಹೆದರಿಕೆಯಾಗಿರಲಿಲ್ಲ.

ಕಾರಿನೊಳಗಿನಿಂದ ಗಿರಿಜಾ ಕೇಳಿದಳು, "ಏನ್ರೀ ಸೊಂಟ ಹಿಡ್ಕೊಂಡು ನಿಂತ್ರಿ, ನೋವಾ?"

"ಹೂಂ ಕಣೇ, ನೋವು" ಎಂದೆ.